ಅಮೆರಿಕದ ನಕ್ಷೆಗೆ ನಾನು ಹಚ್ಚಿದ ಕೆಂಪು ಶಾಯಿ

ಎಂಜಿನಿಯರಿಂಗ್ ಓದಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರು ಆಗಾಗ ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಮನೆಗೆ ಬರುತ್ತಾರೆ. ಜಗಲಿಯ ಮೇಲೆ ಕೂತು ಕಾಫಿ ಕುಡಿದು, "ಸಾರ್, ನಿಮ್ಮ ಕಾಲದಲ್ಲಿ ಹೇಗಿತ್ತು?" ಎಂದು ಕೇಳುತ್ತಾರೆ. ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ, ಯಾವ ದೊಡ್ಡವರು ನನ್ನ ಬೆನ್ನು ತಟ್ಟಿದರು ಎಂಬುದನ್ನು ಹೇಳುತ್ತೇನೆಂದು ಅವರು ಕಾಯುತ್ತಾರೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ನನಗೆ ಹೇಳಬೇಕೆನ್ನಿಸುವುದು ಬೇರೆ. ಒಂದು ದೇಶದ ಎಂಜಿನಿಯರು ಇನ್ನೊಂದು ದೇಶದ ಎಂಜಿನಿಯರಿಗೆ "ವಸ್ತು ಹೀಗಿದೆ" ಎಂದು ತಿಳಿಸುವುದು ಎಷ್ಟು ಕಷ್ಟ, ಅದು ಸುಲಭವೆಂದು ನಂಬಿದ ನಾನು ಎಂಥ ಅವಮಾನ ಉಂಡೆ ಎಂಬುದು.

ನಾನು ಹೆಮ್ಮೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮಪ್ಪ ಚೌರಪ್ಪ ಅರಸು ಮನೆತನದವರೊಬ್ಬರ ಲಾಯದಲ್ಲಿ ಕುದುರೆ ತಿಕ್ಕಿ ಬದುಕಿದವನು. ನಾನು ಓದಿದ್ದು ಆ ಲಾಯದ ಅಟ್ಟದ ಮೇಲೆ, ಹುಲ್ಲಿನ ಕಂತೆಗಳ ನಡುವೆ. ಹುಲ್ಲಿಗೆ ಕಿಡಿ ತಾಗೀತೆಂದು ಅಲ್ಲಿ ದೀಪ ಹಚ್ಚಲು ಬಿಡುತ್ತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಓದಿ ಮುಗಿಸಬೇಕು. ಹಾಗಾಗಿ ಇವತ್ತಿಗೂ ನಾನು ವೇಗವಾಗಿ ಓದುತ್ತೇನೆ, ನಿಂತು ಯೋಚಿಸುವುದು ಕಡಿಮೆ. ನಮ್ಮ ಚರ್ಚಿನ ಫ್ರೆಂಚ್ ಪಾದ್ರಿಯೊಬ್ಬರು ನನ್ನ ಗಣಿತ ನೋಡಿ ಮೆಚ್ಚಿ, ಶಾಲೆಗೆ ಹಾಕಿಸಿ, ತಮ್ಮ ಭಾಷೆಯನ್ನೂ ಒಂದಿಷ್ಟು ಕಲಿಸಿದರು. ಬೆಂಗಳೂರಿಗೆ ಹೋಗಿ ಎಂಜಿನಿಯರಿಂಗ್ ಪದವಿ ಪಡೆದು ಬಂದಾಗ ನಮ್ಮ ಓಣಿಯಲ್ಲಿ ಅಂಥವನು ನಾನೊಬ್ಬನೇ. ಅಪ್ಪ ನನ್ನನ್ನು ಮನೆಮನೆಗೆ ಕರೆದುಕೊಂಡು ಹೋಗಿ ತೋರಿಸಿದ. ಜನ ನನ್ನನ್ನು ಒಳ್ಳೆಯ ಜಾತಿಯ ಕುದುರೆಯನ್ನು ನೋಡುವ ಹಾಗೆ ಸುತ್ತ ನಿಂತು ನೋಡಿದರು.

ನಾನು ಸೇರಿದ ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಅದು ಈಗ ಇಲ್ಲ. ನೀರಿನ ಪಂಪು, ಎಣ್ಣೆ ಎಂಜಿನು, ದೊಡ್ಡ ಮನೆಗಳ ಮೋಟಾರು, ಯಾವುದು ಕೆಟ್ಟರೂ ನಮ್ಮಲ್ಲಿಗೆ ಬರುತ್ತಿತ್ತು. ಯಂತ್ರಗಳು ನಾಲ್ಕಾರು ದೇಶದವು, ಅವುಗಳ ಜೊತೆ ಬರುವ ನಕ್ಷೆಗಳೂ ಹಾಗೆಯೇ. ನಮ್ಮ ಮೇಲಧಿಕಾರಿ ಕೃಷ್ಣಮೂರ್ತಿ ರಾಯರು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದವರು, ಬೇಸಿಗೆಯಲ್ಲೂ ಕೋಟು ಬಿಚ್ಚುತ್ತಿರಲಿಲ್ಲ. ಕೆಲಸ ಬಲ್ಲವರು. ಅವರ ಒಂದು ಮಾತು ನಮ್ಮ ಕಾರ್ಖಾನೆಯಲ್ಲಿ ಕಾನೂನಿನ ಹಾಗೆ ನಡೆಯುತ್ತಿತ್ತು.

"ಮಾತಿಗೆ ಭಾಷೆ ಬೇಕು ಕಣ್ರೀ, ನಕ್ಷೆಗೆ ಬೇಡ. ಗೆರೆ ಎಲ್ಲಾ ದೇಶದಲ್ಲೂ ಗೆರೇನೇ."

ಇದರಿಂದಲೇ ಇನ್ನೊಂದು ಪದ್ಧತಿ ಹುಟ್ಟಿತ್ತು. ನಕ್ಷೆ ಬಂದ ಮೇಲೆ, ಅದನ್ನು ಕಳಿಸಿದವರಿಗೆ ಮತ್ತೆ ಪ್ರಶ್ನೆ ಬರೆಯುವ ಹಾಗಿರಲಿಲ್ಲ. ಬರೆದರೆ ಮೈಸೂರಿನವರಿಗೆ ನಕ್ಷೆ ಓದಲು ಬರುವುದಿಲ್ಲವೆಂದು ನಾವೇ ಸಾರಿದ ಹಾಗೆ. ಸಂದೇಹ ಬಂದವನು ರಾಯರ ಹತ್ತಿರ ಹೋಗಬೇಕು. ಅವರು ಕನ್ನಡಕದ ಮೇಲಿಂದ ನೋಡಿ, "ಡಿಗ್ರಿ ಮಾಡಿದೀರಲ್ರೀ?" ಎನ್ನುತ್ತಿದ್ದರು. ಆ ಮಾತು ಒಮ್ಮೆ ಕೇಳಿಸಿಕೊಂಡವನು ಮತ್ತೆ ಹೋಗುತ್ತಿರಲಿಲ್ಲ. ನಾನು ಒಮ್ಮೆಯೂ ಹೋಗಲಿಲ್ಲ.

ಮೊದಮೊದಲಲ್ಲಿ ಒಬ್ಬ ಫ್ರೆಂಚ್ ಎಂಜಿನಿಯರು ಒಂದು ದೊಡ್ಡ ಪಂಪು ಕೂರಿಸಲು ಬಂದ. ಅವನಿಗೆ ಇಂಗ್ಲಿಷ್ ಬಾರದು. ನನಗೆ ಫ್ರೆಂಚ್ ಬರುತ್ತದೆಂದು ರಾಯರು ನನ್ನನ್ನು ಮುಂದೆ ತಳ್ಳಿದರು. ನನಗೆ ಬರುತ್ತಿದ್ದದ್ದು ಜಪದ ಫ್ರೆಂಚ್. ಪಾಪಕ್ಕೆ, ಕರುಣೆಗೆ, ಕುರಿಮರಿಗೆ ಶಬ್ದ ಗೊತ್ತು, ವಾಲ್ವಿಗೆ ಗೊತ್ತಿಲ್ಲ. ಎರಡು ಮಾತಾಡುವುದರಲ್ಲಿ ಅವನಿಗೆ ಇದು ತಿಳಿಯಿತು. ಜೇಬಿನಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಕೂತ. ನಾನೂ ಕೂತೆ. ಅವನು ಒಂದು ಗೆರೆ ಎಳೆದು ನನ್ನ ಮುಖ ನೋಡುವನು, ನಾನು ಪಂಪಿನಲ್ಲಿ ಆ ಜಾಗ ಮುಟ್ಟಿ ತೋರಿಸುವೆನು. ಸರಿಯಾದರೆ ಮುಂದಿನ ಗೆರೆ, ಇಲ್ಲವಾದರೆ ಅಳಿಸಿ ಮತ್ತೆ. ಕಾರ್ಖಾನೆಯ ನೆಲವೆಲ್ಲ ಬೆಳ್ಳಗಾಯಿತು.

ಫಿಟ್ಟರ್ ಮಾದಯ್ಯ ಬಾಗಿಲಲ್ಲಿ ನಿಂತು ಹೇಳಿದ, "ಇವ್ರೇನ್ ಸಾಮಿ, ಪಂಪು ಕೂರಿಸ್ತವ್ರೋ ರಂಗೋಲಿ ಬುಡ್ತವ್ರೋ?"

ಎಲ್ಲರೂ ನಕ್ಕರು. ನನಗೆ ಮುಖ ಎತ್ತಲಾಗಲಿಲ್ಲ. ಪದವೀಧರನಾದ ನಾನು ನೆಲದಲ್ಲಿ ಕೂತು ಕೇಳಿದ್ದನ್ನೇ ಕೇಳುತ್ತಿದ್ದೇನಲ್ಲ ಎಂದು. ಆ ಪಂಪು ಮೊದಲ ದಿನವೇ ನೀರೆತ್ತಿತು, ವರ್ಷಾನುಗಟ್ಟಲೆ ತೊಂದರೆ ಕೊಡಲಿಲ್ಲ. ಆದರೂ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ನಗು. ನಾಚಬಾರದ ಕಡೆ ನಾಚಿಕೊಂಡೆ. ಅದಕ್ಕೇ ನಾಚಬೇಕಾದ ಕೆಲಸ ಮುಂದೆ ಕಾದಿತ್ತು.

ಆಮೇಲೆ ಒಂದು ಜರ್ಮನ್ ಯಂತ್ರ ಬಂತು. ಅದರ ಬೋಲ್ಟುಗಳು ಮಿಲಿಮೀಟರಿನ ಲೆಕ್ಕದವು, ನಮ್ಮ ನಟ್ಟುಗಳು ಇಂಚಿನವು. ನೋಡಲು ಒಂದೇ ಗಾತ್ರ. ಎರಡು ಸುತ್ತು ಸಲೀಸಾಗಿ ತಿರುಗಿ ಮೂರನೆಯದಕ್ಕೆ ಹಿಡಿದುಕೊಳ್ಳುತ್ತಿತ್ತು. ರಾಯರು "ಗ್ರೀಸ್ ಹಾಕ್ರೀ" ಎಂದರು. ಹಾಕಿದೆವು. ಉದ್ದ ಹಿಡಿಯ ಸ್ಪ್ಯಾನರು ತಂದು ಇಬ್ಬರು ಜೋತುಬಿದ್ದೆವು. ಬೋಲ್ಟಿನ ತಿರುಪಿನ ಹಲ್ಲೆಲ್ಲ ಕಿತ್ತುಬಂತು. ಆಗ ರಾಯರು ಹೇಳಿದ್ದು, "ಜರ್ಮನಿ ಕಬ್ಬಿಣ ಮೊದಲಿನ ಹಾಗಿಲ್ಲ." ನಾವೆಲ್ಲ ಹೌದೆಂದೆವು. ತಪ್ಪು ನಮ್ಮದಿರಬಹುದು ಎಂಬ ಯೋಚನೆ ನಮ್ಮ ಕಾರ್ಖಾನೆಯ ಗೇಟು ದಾಟಿ ಒಳಗೆ ಬರುತ್ತಿರಲಿಲ್ಲ.

ಇಷ್ಟು ಪೀಠಿಕೆ. ಇನ್ನು ವಿಮಾನದ ವಿಷಯ.

ಮೂವತ್ತರ ದಶಕದಲ್ಲಿ ಬೊಂಬಾಯಿಯ ಪಾರ್ಸಿ ವೈಮಾನಿಕರೊಬ್ಬರು, ರುಸ್ತುಮ್‌ಜಿ ಎಂದು ಹೆಸರು, ಊರೂರಿಗೆ ಹೋಗಿ ಜನರನ್ನು ಹತ್ತಿಸಿಕೊಂಡು ಒಂದು ಸುತ್ತು ಹಾರಿಸಿ ಇಳಿಸುತ್ತಿದ್ದರು. ಅಮೆರಿಕದಲ್ಲಿ ತಯಾರಾದ, ಮೇಲೊಂದು ಕೆಳಗೊಂದು ರೆಕ್ಕೆಯಿದ್ದ ಪುಟ್ಟ ವಿಮಾನ. ಮುಂದೆ ಪ್ರಯಾಣಿಕ, ಹಿಂದೆ ವೈಮಾನಿಕ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಕೆಳಗಿನ ಮೈದಾನದಲ್ಲಿ ಇಳಿಯುವಾಗ ಚಕ್ರ ಹಳ್ಳಕ್ಕೆ ಬಿದ್ದು ವಿಮಾನ ಮುಗ್ಗರಿಸಿತು. ಹೊರಗೆ ಹೆಚ್ಚು ಪೆಟ್ಟಾಗಿರಲಿಲ್ಲ. ಆದರೆ ವೈಮಾನಿಕನ ಕೈಯಲ್ಲಿರುವ ಹಿಡಿಕೋಲಿಗೂ ರೆಕ್ಕೆಗಳಿಗೆ ಹೋಗುವ ತಂತಿಗಳಿಗೂ ನಡುವೆ ಒಂದು ಲಿವರ್ ಇರುತ್ತದೆ, ಒಂದು ಉದ್ದ ತೋಳು ಒಂದು ಗಿಡ್ಡ ತೋಳು ಇರುವ ಅಂಗೈಯಷ್ಟು ದೊಡ್ಡ ಉಕ್ಕಿನ ತುಂಡು. ಅದು ಮುರಿಯಿತು. ರುಸ್ತುಮ್‌ಜಿ ಮುರಿದ ಚೂರುಗಳನ್ನು ಬೊಂಬಾಯಿಯ ಏಜೆಂಟರಿಗೆ ಕಳಿಸಿ, ಹೊಸದು ಕೊಡಿ ಎಂದರು. ಏಜೆಂಟರ ಹತ್ತಿರ ಹೊಸದು ಇರಲಿಲ್ಲ. ಅಮೆರಿಕದ ಕಂಪನಿಯ ನಕ್ಷೆ ಇತ್ತು. ಚೂರುಗಳನ್ನು ತಾವೇ ಇಟ್ಟುಕೊಂಡು ಅದನ್ನು ಕಳಿಸಿದರು. ಅದು ನಮ್ಮಲ್ಲಿಗೆ ಬಂತು.

ಅಪ್ಪ ಆಗ ಕೆಲಸದಿಂದ ನಿವೃತ್ತನಾಗಿದ್ದ. ವಿಮಾನ ಬಿದ್ದ ದಿನದಿಂದ ಮೈದಾನ ಬಿಟ್ಟು ಕದಲಲಿಲ್ಲ. ಗಾಳಿ ಬಂದಾಗ ರೆಕ್ಕೆ ಎದ್ದೆದ್ದು ಕುಣಿಯುವುದನ್ನು ನೋಡಿ, ತುಂಟ ಕುದುರೆಗೆ ಹಾಕುವ ಹಾಗೆ ನಾಲ್ಕು ಕಡೆಗೂ ಹಗ್ಗ ಕಟ್ಟಿಸಿದ. ರುಸ್ತುಮ್‌ಜಿಗೂ ರೇಸು ಕುದುರೆಯ ಹುಚ್ಚು. ಲಾಯದಲ್ಲಿ ಕಲಿತ ಅಪ್ಪನ ಹಿಂದೂಸ್ತಾನಿಯಲ್ಲಿ ಇಬ್ಬರೂ ಮಧ್ಯಾಹ್ನವೆಲ್ಲ ರೆಕ್ಕೆಯ ನೆರಳಲ್ಲಿ ಕೂತು ಕುದುರೆಗಳ ಗೊರಸು, ಹಲ್ಲು ಎಂದು ಮಾತಾಡುತ್ತಿದ್ದರು. ಒಂದು ದಿನ ಅಪ್ಪ ಮನೆಗೆ ಬಂದವನೇ ಪೇಟ ತೆಗೆಯದೆ ಹೇಳಿದ:

"ಇನ್ನಾಸಿ, ರಿಪೇರಿ ಆದ್ಮೇಲೆ ಮೊದ್ಲು ಅತ್ತೋನು ನಾನೇ ಅಂತೆ. ಮಾತ್ ಕೊಟ್ಟವ್ರೆ."

"ನಿನಗ್ಯಾಕಪ್ಪಾ ಈ ವಯಸ್ಸಲ್ಲಿ?"

"ಯಾಕೆ ಅಂದ್ರೆ? ನಾ ಎಷ್ಟ್ ಜನಾನ ಕುದ್ರೆ ಅತ್ಸಿವ್ನಿ ಗೊತ್ತಾ? ನನ್ನ ಯಾರಾದ್ರೂ ಅತ್ಸವ್ರಾ? ಅದೂ ನನ್ ಮಗ ಮಾಡಿದ್ ಸಾಮಾನು ಒಳಗೈತೆ."

ಅವತ್ತಿನಿಂದ ಓಣಿಯಲ್ಲಿ ಅವನದು ಇದೇ ಮಾತು.

ನಾನು ನಕ್ಷೆ ಬಿಡಿಸಿ ಕೂತೆ. ನೀಲಿ ಕಾಗದ, ಬಿಳಿ ಗೆರೆ, ಬಲು ಚೊಕ್ಕ ಕೆಲಸ. ಎಡಗಡೆ ಲಿವರಿನ ಎದುರು ನೋಟ, ಅದರ ಬಲಗಡೆ ಪಕ್ಕದ ನೋಟ. ಅಳತೆ ಇಂಚಿನಲ್ಲಿ, ಬರಹ ಇಂಗ್ಲಿಷಿನಲ್ಲಿ. ಫ್ರೆಂಚನ ಹಾಗೆ ನೆಲದಲ್ಲಿ ಕೂತು ಒದ್ದಾಡುವ ಗೋಳಿಲ್ಲ ಎಂದು ಸಮಾಧಾನವಾಯಿತು. ಒಂದೇ ಒಂದು ಕಡೆ ಏನೋ ಹೊಂದಲಿಲ್ಲ. ಕಣ್ಣಿಗೆ ಕಾಣುವ ಅಂಚನ್ನು ತುಂಬುಗೆರೆಯಿಂದ, ಹಿಂದೆ ಮರೆಯಾದ ಅಂಚನ್ನು ಚುಕ್ಕೆಗೆರೆಯಿಂದ ಬರೆಯುವುದು ನಮ್ಮ ರೂಢಿ, ಎಲ್ಲರ ರೂಢಿ. ಪಕ್ಕದ ನೋಟವನ್ನು ನಾನು ಓದಿದ ಪ್ರಕಾರ ಗಿಡ್ಡ ತೋಳು ಮುಂದುಗಡೆ ಇರಬೇಕು. ಹಾಗಿದ್ದರೆ ಎದುರು ನೋಟದಲ್ಲಿ ಅದರ ಬುಡ ತುಂಬುಗೆರೆಯಾಗಿ ಕಾಣಬೇಕು. ನಕ್ಷೆಯಲ್ಲಿ ಚುಕ್ಕೆಗೆರೆ ಇತ್ತು.

ಅಲ್ಲಿ ನಿಲ್ಲಬೇಕಿತ್ತು. ಬೊಂಬಾಯಿಗೆ ಒಂದು ಟೆಲಿಗ್ರಾಮು ಕಳಿಸಿ ಕೇಳಬಹುದಿತ್ತು. ಕಳಿಸಲಿಲ್ಲ. ಅಮೆರಿಕದ ನಕ್ಷೆಗಾರ ಕೈತಪ್ಪಿ ಚುಕ್ಕೆ ಹಾಕಿದ್ದಾನೆ ಎಂದುಕೊಂಡೆ. ಹಾಗೆ ಅಂದುಕೊಂಡಾಗ ನನಗೆ ಎಷ್ಟು ಸಂತೋಷವಾಯಿತು ಎಂಬುದನ್ನು ನೆನೆದರೆ ಇವತ್ತಿಗೂ ಕುತ್ತಿಗೆ ಬಿಸಿಯಾಗುತ್ತದೆ. ಕೆಂಪು ಶಾಯಿಯ ಪೆನ್ನು ತೆಗೆದುಕೊಂಡು ಆ ಚುಕ್ಕೆಗಳ ಮೇಲೆ ಒಂದು ಪೂರ್ತಿ ಗೆರೆ ಎಳೆದು, ಪಕ್ಕದಲ್ಲಿ ನನ್ನ ಹೆಸರಿನ ಮೊದಲಕ್ಷರ ಹಾಕಿದೆ. ರಾಯರಿಗೆ ತೋರಿಸಿದೆ. ಅವರು ಎರಡೂ ನೋಟಗಳನ್ನು ಹೊಂದಿಸಿ ನೋಡಿ ತಲೆದೂಗಿದರು.

"ಭಲೆ. ಅಮೆರಿಕದೋರ ನಕ್ಷೆ ತಿದ್ದಿದೀರಿ. ಇಂಥಾ ಕಣ್ಣಿರಬೇಕು ಕಣ್ರೀ."

ಆ ನಕ್ಷೆಯನ್ನು ಅವರು ಕಾರ್ಖಾನೆಗೆ ಬಂದವರಿಗೆಲ್ಲ ತೋರಿಸಿದರು. ನಾನು ಬೇಡ ಎನ್ನಲಿಲ್ಲ.

ಮಾದಯ್ಯ ನನ್ನ ಕೆಂಪು ಗೆರೆಯ ಪ್ರಕಾರ ಲಿವರ್ ತಯಾರಿಸಿದ. ಒಳ್ಳೆಯ ಕೆಲಸ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ರುಸ್ತುಮ್‌ಜಿ ಆಗ ಪೆಟ್ರೋಲಿನ ಏರ್ಪಾಟಿಗೆ ಬೆಂಗಳೂರಿಗೆ ಹೋಗಿದ್ದರು. ಅವರಿಲ್ಲದಾಗಲೇ ನಾವು ಅದನ್ನು ಕೂರಿಸಿದೆವು. ನಾನು ಎಣಿಸಿದ ರೀತಿಯಲ್ಲಿ ಕೂರಲಿಲ್ಲ. ಮಗುಚಿ ಇಟ್ಟರೆ ಮಾತ್ರ ಕೂತಿತು. ಹಾಗೆ ಮಗುಚಿದ್ದರಿಂದ ಗಿಡ್ಡ ತೋಳು ಆಚೆ ಬದಿಗೆ ನಿಂತಿತು. ತಂತಿಯ ತಿರುಪನ್ನು ಸ್ವಲ್ಪ ಸಡಿಲಿಸಿದರೆ ತಂತಿ ಅಲ್ಲಿಗೂ ಎಟುಕಿತು. ಹಿಡಿಕೋಲು ಅಲ್ಲಾಡಿಸಿದೆವು. ಬೆಣ್ಣೆಯ ಹಾಗೆ ಆಡಿತು. ರೆಕ್ಕೆಯ ಹಿಂದಂಚಿನಲ್ಲಿ ಬಾಗಿಲಿನ ಹಾಗೆ ಮೇಲೆ ಕೆಳಗೆ ಆಡುವ ಪಟ್ಟಿಗಳೂ ಆಡಿದವು. ಆಡುತ್ತವೆಯೇ ಎಂದು ನೋಡಿದೆವು. ಯಾವ ಕಡೆಗೆ ಆಡುತ್ತವೆ ಎಂದು ನೋಡಲಿಲ್ಲ. ಯುವ ಎಂಜಿನಿಯರುಗಳು ಈ ಎರಡು ವಾಕ್ಯಗಳನ್ನು ಇನ್ನೊಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಹಾರುವ ದಿನ ಮೈದಾನದಲ್ಲಿ ನಮ್ಮ ಓಣಿಯೇ ನೆರೆದಿತ್ತು. ಭಾನುವಾರ, ಚರ್ಚಿನಲ್ಲಿ ಪೂಜೆ ಮುಗಿಸಿ ಎಲ್ಲರೂ ಅಲ್ಲಿಂದಲೇ ಬಂದಿದ್ದರು. ರಾಯರು ಕೆಲವು ದೊಡ್ಡ ಮನುಷ್ಯರನ್ನು ಕುರ್ಚಿ ಹಾಕಿ ಕೂರಿಸಿದ್ದರು. ಅಪ್ಪ ಮದುವೆಯ ಕೋಟು ತೊಟ್ಟು, ಪೇಟ ಹಾರಿಹೋಗದ ಹಾಗೆ ಗದ್ದಕ್ಕೆ ಒಂದು ವಸ್ತ್ರ ಕಟ್ಟಿಕೊಂಡು ಬಂದ. ಪಕ್ಕದ ಮನೆಯ ಅಂತೋಣಪ್ಪ ಎಂಬ ಮುದುಕ, ಅಪ್ಪನ ಓರಗೆಯವನು, ಕೂಗಿದ:

"ಚೌರಣ್ಣ, ಮ್ಯಾಲೆ ಸ್ವರ್ಗದ ಬಾಗ್ಲಲ್ಲಿ ಸಂತ ರಾಯಪ್ಪರು ಸಿಕ್ಕುದ್ರೆ ನನ್ ಎಸ್ರು ಏಳಪ್ಪ."

"ನಿನ್ ಎಸ್ರು ಏಳುದ್ರೆ ನನ್ನೂ ಒಳೀಕ್ ಬುಡಾಕಿಲ್ಲ ಕಣೋ," ಎಂದ ಅಪ್ಪ.

ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನಾನೇ ಸೊಂಟದ ಪಟ್ಟಿ ಬಿಗಿದೆ. ಅವನ ಕೈ ತಣ್ಣಗಿತ್ತು. "ಬಿಗಿಯಾಯ್ತಾ?" ಎಂದೆ. "ಜೀನು ನಾನೇ ಆದಂಗಾಯ್ತು," ಎಂದು ನಕ್ಕ.

ರುಸ್ತುಮ್‌ಜಿ ಹಿಂದಿನ ಸೀಟಿಗೆ ಹತ್ತಿದರು. ಎಂಜಿನು ಇನ್ನೂ ಹಚ್ಚಿರಲಿಲ್ಲ. ಅವರು ಹಿಡಿಕೋಲನ್ನು ಎಡಕ್ಕೆ ಬಾಗಿಸಿ ಎಡ ರೆಕ್ಕೆಯ ಕಡೆ ನೋಡಿದರು. ಮತ್ತೆ ಬಾಗಿಸಿದರು. ಆಮೇಲೆ ಬಲಕ್ಕೆ. ಆಮೇಲೆ ನನ್ನನ್ನು ಬೆರಳಿನಿಂದ ಕರೆದರು. ಮಾತೆಲ್ಲ ಇಂಗ್ಲಿಷಿನಲ್ಲಿ, ಮೆಲುದನಿಯಲ್ಲಿ.

"ಕೋಲನ್ನು ಯಾವ ಕಡೆಗೆ ಬಾಗಿಸಿದ್ದೇನೆ?"

"ಎಡಕ್ಕೆ."

"ಎಡ ರೆಕ್ಕೆಯ ಪಟ್ಟಿ ಏನಾಗಿದೆ?"

"ಕೆಳಗಿಳಿದಿದೆ."

"ಏನಾಗಬೇಕಿತ್ತು?"

ಏಳಬೇಕಿತ್ತು. ಎದ್ದರೆ ವಿಮಾನ ಎಡಕ್ಕೆ ವಾಲುತ್ತದೆ. ನಾವು ಮಾಡಿದ್ದರಲ್ಲಿ ವೈಮಾನಿಕ ಎಡಕ್ಕೆ ಎಂದರೆ ವಿಮಾನ ಬಲಕ್ಕೆ ವಾಲುತ್ತಿತ್ತು; ಸರಿಮಾಡಲು ಹೋದಷ್ಟೂ ಇನ್ನೂ ವಾಲುತ್ತಿತ್ತು. ಮೈದಾನದ ಅಂಚಿನ ಮರಗಳವರೆಗೂ ಹೋಗುತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ ಅಪ್ಪ ಗದ್ದಕ್ಕೆ ವಸ್ತ್ರ ಕಟ್ಟಿಕೊಂಡು ನೆಟ್ಟಗೆ ಕೂತಿದ್ದ.

"ನಿಮ್ಮ ತಂದೆಯವರನ್ನು ಇಳಿಸಿ," ಎಂದರು ರುಸ್ತುಮ್‌ಜಿ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಸೊಂಟದ ಪಟ್ಟಿ ಬಿಚ್ಚಲು ಬಾಗಿದಾಗ ಅಪ್ಪ ನನ್ನ ಮುಖ ನೋಡಿದ. ಇಂಗ್ಲಿಷ್ ಬಾರದಿದ್ದರೂ ಅವನಿಗೆ ಅಷ್ಟೇ ಸಾಕಾಯಿತು.

"ನಿನ್ ಕೆಲ್ಸದಲ್ಲೇನಾ?"

"ಹೂಂ."

"ದೊಡ್ದಾ?"

"ಹೂಂ ಅಪ್ಪ."

"ಸರಿ, ಕೈ ಕೊಡು."

ಕೆಳಗಿನ ರೆಕ್ಕೆಯ ಮೇಲೆ ಕಾಲಿಟ್ಟು ನಿಂತವನು ನೆರೆದವರ ಕಡೆ ತಿರುಗಿದ. ರಾಯರು ಕುರ್ಚಿಯಿಂದ ಎದ್ದಿದ್ದರು. ಏನಾಯಿತೆಂದು ಜನ ಗುಜುಗುಜು ಮಾಡುತ್ತಿದ್ದರು.

"ಆಗಲ್ಲ ಕಣ್ರಪ್ಪ," ಎಂದು ಅಪ್ಪ ದೊಡ್ಡ ದನಿಯಲ್ಲಿ ಹೇಳಿದ. "ಎದೆ ಡವಡವ ಅಂತೈತೆ. ನಾನೇ ಇಳ್ಸಿ ಅಂದ್ಬುಟ್ಟೆ."

ಮೊದಲು ಅಂತೋಣಪ್ಪ ನಕ್ಕ, ಅವನ ಹಿಂದೆ ಓಣಿಯೆಲ್ಲ ನಕ್ಕಿತು. ರಾಯರಿಗೆ ಜೀವ ಬಂದ ಹಾಗಾಯಿತು. ಹತ್ತಬೇಕಾದ ಯಜಮಾನರು ಹೆದರಿದ್ದರಿಂದ ಇವತ್ತಿನ ಹಾರಾಟ ಇಲ್ಲವೆಂದು ದೊಡ್ಡ ಮನುಷ್ಯರಿಗೆ ಹೇಳಿ ಕಳಿಸಿಕೊಟ್ಟರು.

ಮಾರನೆಯ ದಿನ ಕಾರ್ಖಾನೆಯಲ್ಲಿ ಲಿವರ್ ಬಿಚ್ಚಿ ನಕ್ಷೆಯ ಪಕ್ಕ ಇಟ್ಟೆವು. ರಾಯರು ಮೊದಲು ಮಾದಯ್ಯನ ಕಡೆ ತಿರುಗಿದರು. ಅವರ ಬಾಯಿಂದ ಮಾತು ಬರುವ ಮೊದಲೇ ನಾನು, "ಸರ್, ಅವನು ನನ್ನ ಕೆಂಪು ಗೆರೆಯ ಹಾಗೇ ಮಾಡಿದ್ದಾನೆ," ಎಂದೆ. ಅಷ್ಟು ಮರ್ಯಾದೆ ನನಗೆ ಉಳಿದಿತ್ತು. ಆಮೇಲೆ ಬಹಳ ಹೊತ್ತು ನಕ್ಷೆ ನೋಡುತ್ತ ನಿಂತೆವು. ಹೊಳೆದದ್ದು ಯಾರಿಗೆ ಮೊದಲು ಎಂದು ಹೇಳಲಾರೆ. ಪಕ್ಕದ ನೋಟವನ್ನು ಆಚೆ ಬದಿಯಿಂದ ನೋಡಿದ್ದೆಂದು ಓದಿದ ಕೂಡಲೇ ಪ್ರತಿಯೊಂದು ಗೆರೆಯೂ ತನ್ನ ಜಾಗಕ್ಕೆ ಬಂದು ಕೂತಿತು. ಚುಕ್ಕೆಗೆರೆ ಸರಿಯಾಗಿತ್ತು. ಇಡೀ ನಕ್ಷೆಯಲ್ಲಿ ತಪ್ಪಿದ್ದದ್ದು ಕೆಂಪು ಗೆರೆ ಒಂದೇ.

ವೃತ್ತಿಯ ಹೊರಗಿನವರಿಗೆ ಇಷ್ಟು ಹೇಳಿದರೆ ಸಾಕು. ಒಂದು ಮನೆಯನ್ನು ಎದುರಿನಿಂದ ನೋಡಿ ಬರೆಯಿರಿ. ಆಮೇಲೆ ಅದರ ಬಲಕ್ಕೆ ಹೋಗಿ ನಿಂತು, ಬಲಗೋಡೆಯ ಕಿಟಕಿಯನ್ನು ಬರೆಯಿರಿ. ಈ ಎರಡನೆಯ ಚಿತ್ರವನ್ನು ಇಂಗ್ಲಿಷ್ ಪದ್ಧತಿ ಕಲಿತ ನಾವು ಮೊದಲನೆಯದರ ಎಡಕ್ಕೆ ಇಡುತ್ತಿದ್ದೆವು. ಅಮೆರಿಕದವರು ಬಲಕ್ಕೆ ಇಡುತ್ತಿದ್ದರು. ಅವರ ಕಾಗದವನ್ನು ನಮ್ಮ ಪದ್ಧತಿಯಲ್ಲಿ ಓದಿ ಮನೆ ಕಟ್ಟಿದರೆ ಕಿಟಕಿ ಎಡಗೋಡೆಗೆ ಹೋಗುತ್ತದೆ. ಮನೆಯೇನೋ ನಿಲ್ಲುತ್ತದೆ. ವಿಮಾನ ನಿಲ್ಲುವುದಿಲ್ಲ.

"ನಾನು ಇಂಗ್ಲೆಂಡಿನಲ್ಲಿ ಇದ್ದಷ್ಟು ದಿನ ಯಾರೂ ಹೇಳಲೇ ಇಲ್ವಲ್ರೀ," ಎಂದರು ರಾಯರು. ಅವತ್ತು ಮೊದಲ ಬಾರಿಗೆ ಅವರು ಕೋಟು ಬಿಚ್ಚಿ ಕುರ್ಚಿಗೆ ಹಾಕಿದ್ದನ್ನು ಕಂಡೆ. ಅಮೆರಿಕದ ಕಂಪನಿಗೆ ನಡೆದದ್ದೆಲ್ಲ ಬರೆಯಲು ನನಗೆ ಹೇಳಿ, ತಾವೂ ಸಹಿ ಮಾಡಿದರು. ಬಹಳ ದಿನದ ಮೇಲೆ ಉತ್ತರ ಬಂತು. ಲೋಕವೆಲ್ಲ ತಮ್ಮ ಹಾಗೇ ಬರೆಯುತ್ತದೆಂದು ತಾವು ತಿಳಿದಿದ್ದಾಗಿಯೂ, ಯಾವ ಬದಿಯಿಂದ ನೋಡಿದ್ದೆಂದು ಬರೆಯದೇ ಇದ್ದದ್ದು ತಮ್ಮ ತಪ್ಪು ಎಂದು ಅಲ್ಲಿಯ ಎಂಜಿನಿಯರು ಕ್ಷಮೆ ಕೇಳಿದ್ದ. ಅದನ್ನು ಓದಿ ನನಗೆ ಇನ್ನಷ್ಟು ನಾಚಿಕೆಯಾಯಿತು. ಅವನು ಚುಕ್ಕೆ ಹಾಕಿ ಎಚ್ಚರಿಸಿದ್ದ. ನಾನು ಅದನ್ನು ಕೆಂಪು ಗೆರೆಯಿಂದ ಮುಚ್ಚಿದ್ದೆ. ಫ್ರೆಂಚನ ಜೊತೆ ನನಗೆ ಏನೂ ತಿಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು, ಆದ್ದರಿಂದ ಪಂಪು ನೀರೆತ್ತಿತು. ಅಮೆರಿಕದವನದು ನನಗೆ ಬರುವ ಇಂಗ್ಲಿಷು, ನನಗೆ ಬರುವ ಇಂಚು.

ಅಂದಿನಿಂದ ನನ್ನ ಕೈಯಿಂದ ಹೊರಟ ಪ್ರತಿ ನಕ್ಷೆಯಲ್ಲೂ, ಪ್ರತಿ ನೋಟದ ಪಕ್ಕದಲ್ಲೂ, ಒಂದು ಪುಟ್ಟ ಕಣ್ಣು ಬರೆದು ಬಾಣ ಹಾಕಿದೆ, ಇಲ್ಲಿಂದ ನೋಡಿ ಎಂದು. ಕಾರ್ಖಾನೆಯವರು ಇನ್ನಾಸಿಯಾದ ನನಗೆ "ಕಣ್ಣಿನಾಸಪ್ಪ" ಎಂದು ಹೆಸರಿಟ್ಟರು. ಇಡಲಿ ಎಂದು ಬಿಟ್ಟೆ. ಈಗಿನವರು ಅದಕ್ಕೆಂದೇ ಬೇರೆ ಗುರುತು ಹಾಕುತ್ತಾರೆ. ಹಾಕದ ನಕ್ಷೆ ನಿಮ್ಮ ಮೇಜಿಗೆ ಬಂದರೆ ಮುಟ್ಟಬೇಡಿ, ಕೇಳಿ.

ಓಣಿಯಲ್ಲಿ ಅಪ್ಪನ ಕಥೆ ಬೇರೆಯಾಗಿ ನಡೆದಿತ್ತು. ಎಲೆಯಡಿಕೆ ಅಂಗಡಿ, ಕ್ಷೌರದಂಗಡಿ, ಚರ್ಚಿನ ಅಂಗಳ, ಹೋದಲ್ಲೆಲ್ಲ, "ಏನ್ ಚೌರಣ್ಣ, ರೆಕ್ಕೆ ಕುದ್ರೆ ಒದೀತಾ?" ಅವನು ನಗುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲೇ ನಿಂತು, ಅಪ್ಪ ಹೆದರಿ ಇಳಿದದ್ದಲ್ಲ, ತಪ್ಪು ನನ್ನದು, ನಾನು ಮಾಡಿಸಿದ ಲಿವರ್ ತಿರುಗುಮುರುಗಾಗಿತ್ತು, ಹಾರಿದ್ದರೆ ಇಬ್ಬರೂ ಸಾಯುತ್ತಿದ್ದರು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಅಂತೋಣಪ್ಪ ನನ್ನ ಭುಜದ ಮೇಲೆ ಕೈಯಿಟ್ಟ. "ಮಗ ಅಂದ್ರೆ ಇವ್ನು ಕಣ್ರಪ್ಪ. 'ಅಪ್ಪನ ಮಾನ ಓಗ್ಬಾರ್ದು' ಅಂತ ಎಂಗ್ ತನ್ ಮ್ಯಾಲೆ ಆಕ್ಕಂತವ್ನೆ ನೋಡಿ."

"ನಿಜಾನೇ ಹೇಳ್ತಿದೀನಿ ಮಾವ."

"ಆಯ್ತು ಬುಡಪ್ಪ. ಅಮೇರಿಕದೋರ್ದೇ ತಿದ್ದಿದೋನು ನೀನು. ನಿನ್ ಕೈಲಿ ತಪ್ಪಾಗ್ತದಾ?"

ಮನೆಗೆ ಬಂದ ಮೇಲೆ ಅಪ್ಪ ನನ್ನ ಮೇಲೆ ಸಿಡುಕಿದ. ಅವನು ಸಿಡುಕಿದ್ದು ಅಪರೂಪ.

"ನಿನ್ಗ್ಯಾರ್ಲಾ ಏಳು ಅಂದೋರು? ನಿನ್ನ ನೋಡಿ ಈ ಓಣೀಲಿ ಮಕ್ಳ ಸ್ಕೂಲಿಗ್ ಕಳಿಸ್ತವ್ರೆ. 'ಓದ್ದೋನೂ ಇಂಗೇ ಅಪ್ಪನ್ನ ಸಾಯ್ಸಾಕ್ ಓಗಿದ್ದ' ಅಂದ್ರೆ ನಾಳೆ ಅವ್ರೆಲ್ಲ ಕುದ್ರೆ ಲದ್ದಿ ಎತ್ತಾಕ್ ಓಗ್ತರೆ. ನಂಗೇನು, ಪಿಂಚಿಣಿ ಬರ್ತೈತೆ."

"ಆದ್ರೆ ಸುಳ್ಳಲ್ವಾ ಅಪ್ಪ?"

"ಸುಳ್ಳೆಲ್ಲಿ ಬಂತು? ಕೂತಾಗ್ಲಿಂದ ಎದೆ ಡವಡವ ಅಂತ್ಲೇ ಇತ್ತು. ಚರ್ಚಿನ್ ಸ್ವಾಮಿಗಳ್ನೂ ಕೇಳ್ಕಂಬಂದೆ, ಪಾಪ ಅಲ್ವಂತೆ."

ಹೊಸ ಲಿವರ್ ಮಾಡಿಸಿದೆ. ಈ ಸಲ ರುಸ್ತುಮ್‌ಜಿಯೇ ಪಕ್ಕದಲ್ಲಿ ನಿಂತಿದ್ದರು. ಕೂರಿಸಿ, ಕೋಲು ಎಡಕ್ಕೆ ಬಾಗಿಸಿ, ಎಡ ಪಟ್ಟಿ ಏಳುವುದನ್ನು ನೋಡಿದೆವು. ಬಲಕ್ಕೆ ಬಾಗಿಸಿ ನೋಡಿದೆವು. ಒಬ್ಬೊಬ್ಬರಾಗಿ ಎಲ್ಲರೂ ನೋಡಿದೆವು. ರುಸ್ತುಮ್‌ಜಿ ಅಪ್ಪನಿಗೆ, ಮುಂದಿನ ಸೀಟು ನಿನ್ನದೇ, ಬಾ ಎಂದರು.

ಅಪ್ಪ ಬಂದ. ವಿಮಾನದ ಮೂಗನ್ನು ಕುದುರೆಯ ಮೂಗಿನ ಹಾಗೆ ಸವರಿದ. ಒಂದು ಕ್ಷಣ ಹತ್ತಿಯೇಬಿಡುತ್ತಾನೆ ಎನ್ನಿಸಿತು. ಆಮೇಲೆ ಕೈ ತೆಗೆದ.

"ನಾ ಅತ್ತಾಕಿಲ್ಲ. ಇವತ್ ಅತ್ತುದ್ರೆ, ಅವತ್ ಯಾಕಿಳ್ದೆ ಅಂತ ಕೇಳ್ತರೆ. ನೀ ಅತ್ತು."

ಎಷ್ಟು ಹೇಳಿದರೂ ಕೇಳಲಿಲ್ಲ. ರುಸ್ತುಮ್‌ಜಿಗೆ ಅರ್ಥವಾಗಿರಬೇಕು, ಒತ್ತಾಯಿಸಲಿಲ್ಲ. ಅಪ್ಪನೇ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಸೊಂಟದ ಪಟ್ಟಿ ಬಿಗಿದ. ಎಂಜಿನು ಗುಡುಗಿತು. ಮೈದಾನ ಓಡಿತು, ಮರಗಳು ಕೆಳಗೆ ಹೋದವು. ಊರಿನ ಮೇಲೆ ಒಂದು ದೊಡ್ಡ ಸುತ್ತು ಹಾಕಿ ಇಳಿದೆವು.

ಅಪ್ಪ ಅಂಚಿನಲ್ಲಿ ಕಾದಿದ್ದ. ಬೇರೆಯವರು ಸುತ್ತುವರಿಯುವ ಮೊದಲೇ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದ. ಚಿಕ್ಕ ಮಗುವಿನ ಹಾಗೆ ಮುಖ ಅರಳಿತ್ತು.

"ಎಂಗಿತ್ಲಾ? ಕೆರೆ ಕಾಣ್ತಾ? ನಮ್ ಚರ್ಚು? ನಮ್ಮನೆ ಕಾಣ್ತಾ?"

"ಏನೂ ನೋಡ್ಲಿಲ್ಲ ಅಪ್ಪ," ಎಂದೆ. ಅದು ನಿಜ. ಏರಿದಾಗಿನಿಂದ ಇಳಿಯುವವರೆಗೆ ನಾನು ಕಣ್ಣಿಟ್ಟಿದ್ದದ್ದು ಎಡ ರೆಕ್ಕೆಯ ಆ ಪಟ್ಟಿಯ ಮೇಲೆ ಮಾತ್ರ. ಎಡಕ್ಕೆ ತಿರುಗಿದಾಗ ಅದು ಏಳುತ್ತದೋ ಇಲ್ಲವೋ ಎಂದು. ಮೈಸೂರನ್ನು ಮೇಲಿಂದ ನೋಡುವ ಭಾಗ್ಯ ಅವನದಾಗಿತ್ತು. ಅವನು ಅದನ್ನು ನನಗೆ ಬಿಟ್ಟುಕೊಟ್ಟ, ನಾನು ನೋಡದೆ ಬಂದೆ.

"ರೆಕ್ಕೆ ಪಟ್ಟಿ ಬಿಟ್ಟು ಏನೂ ನೋಡ್ಲಿಲ್ಲ."

ಅಪ್ಪ ನನ್ನ ತಲೆಗೆ ಅಂಟಿದ್ದ ಎಣ್ಣೆಯ ಮಸಿಯನ್ನು ಅಂಗೈಯಿಂದ ಒರೆಸಿದ.

"ಈ ಸಲ ಅದ್ನಾದ್ರೂ ನೋಡ್ದಲ್ಲ, ಬುಡು," ಎಂದ.